ಹೋದ ವರ್ಷದ ಕಾಲು

ಪ್ರೀತಿಯ ಅಮ್ಮ,

ಮೂರು ವಾರದಿಂದ ಮಾತು ಬಿಟ್ಟಿದ್ದೀಯ. ಕೋಪ ನಿನಗೆ ಯಾವಾಗಲೂ ಒಪ್ಪುತ್ತದೆ, ಈ ಸಲ ನ್ಯಾಯವೂ ನಿನ್ನ ಕಡೆಗೇ ಇದೆ.

ನಮ್ಮ ಕೃತಕ ಕಾಲಿನ ಕಾರ್ಖಾನೆಗೆ ನೀನು ಸಿ ಪ್ಲಸ್ ಪ್ಲಸ್‌ನಲ್ಲಿ ಬರೆದುಕೊಟ್ಟ ಪ್ರೋಗ್ರಾಂ ಎಲ್ಲರ ಅಳತೆಯನ್ನೂ ಪೆಟ್ಟಿಗೆಯಲ್ಲಿಟ್ಟಂತೆ ಕಾಯುತ್ತದೆ. ಈಗಿನ ಹುಡುಗಿಯರಿಗೆ ಪೈಥಾನ್ ಬಿಟ್ಟು ಬೇರೆ ಕಂಪ್ಯೂಟರ್ ಭಾಷೆ ಬಾರದು. ಒಳಗಿನ ಅಳತೆಯನ್ನು ಅವರು ತಮ್ಮ ಭಾಷೆಯಲ್ಲೇ ತೆಗೆದು ತಿದ್ದಲೆಂದು ಆ ಪೆಟ್ಟಿಗೆಗೆ ನಾನೊಂದು ಪೈಥಾನ್ ಬಾಗಿಲು ಇಟ್ಟೆ.

ಅಂಚೆ ಹಂಚುವ ಅಕ್ಕನ ಅಳತೆಯನ್ನು ಆ ಬಾಗಿಲಿನಿಂದಲೇ ತಿದ್ದಿದೆವು. ಕಂಪ್ಯೂಟರಿನ ತೆರೆ ಸರಿಯೆಂದು ತಲೆಯಾಡಿಸಿತು, ಯಂತ್ರ ಮಾತ್ರ ಹಳೆಯ ಅಳತೆಗೇ ಕಾಲು ಕೊರೆಯಿತು. ಅಕ್ಕ ತೊಟ್ಟು ಎರಡು ಹೆಜ್ಜೆ ಇಟ್ಟು, "ಇದು ಹೋದ ವರ್ಷದ ಕಾಲು ಕಣಮ್ಮ, ಈ ವರ್ಷ ನಾನು ದಪ್ಪ ಆಗಿಲ್ವಾ?" ಎಂದರು. ನಾನು ಎಲ್ಲರೆದುರು, "ಅಮ್ಮನ ಪ್ರೋಗ್ರಾಂಗೆ ಅರಳುಮರಳು" ಎಂದುಬಿಟ್ಟೆ. ಅದು ನಿನ್ನ ಕಿವಿಗೂ ಬಿತ್ತು. ಬರುವ ಸೋಮವಾರ ನಿನ್ನ ಪ್ರೋಗ್ರಾಮನ್ನೇ ಕಿತ್ತುಹಾಕುವುದೆಂದು ಕಾರ್ಖಾನೆಯ ಯಜಮಾನರು ತೀರ್ಮಾನಿಸಿದರು.

ನಿನ್ನೆ ತಪ್ಪು ಸಿಕ್ಕಿತು. ನನ್ನ ಬಾಗಿಲು ಅಳತೆಯ ನಕಲನ್ನಷ್ಟೇ ಕೈಗೆ ಕೊಡುತ್ತಿತ್ತು; ನಾವು ತಿದ್ದಿದ್ದೆಲ್ಲ ಆ ನಕಲಿನಲ್ಲೇ ಉಳಿದು, ಒಳಗಿನ ಮೂಲ ಹಾಗೇ ಇತ್ತು. ನಿನ್ನ ಪೆಟ್ಟಿಗೆ ಚಾಚೂ ತಪ್ಪಿರಲಿಲ್ಲ. ಬಾಗಿಲು ಸರಿಮಾಡಿ, ಇದನ್ನೂ ಎಲ್ಲರೆದುರೇ ಹೇಳಿದ್ದೇನೆ. ಈ ಶನಿವಾರ ಅಕ್ಕ ಹೊಸ ಕಾಲಲ್ಲಿ ಸಲೀಸಾಗಿ ನಡೆದರೆ ನಿನ್ನ ಪ್ರೋಗ್ರಾಂ ಉಳಿಯುತ್ತದೆ.

ಅವರು ನಡೆಯುವುದನ್ನು ನೋಡಲು ಬಾ. ಕನ್ನಡಕ ಮರೆಯಬೇಡ. ಈ ಪತ್ರಕ್ಕೂ ನೀನು ಕೆಂಪು ಪೆನ್ನು ಹಿಡಿಯುತ್ತೀಯೆಂದು ಗೊತ್ತು. ಧಾರಾಳವಾಗಿ ತಿದ್ದು. ನಕಲು ಇಟ್ಟುಕೊಂಡಿಲ್ಲ, ಇದೇ ಮೂಲ.

ಬಾಗಿಲಲ್ಲೇ ಕಾಯುತ್ತಿರುವ,
ನಿನ್ನ ಬಾಯಿಬಡುಕಿ ಮಗಳು