ಸಂಪೂರ್ಣ ಗುಣಮುಖರು: ಸೊನ್ನೆ

ಹೆಬ್ಬಾಳ, 20 ಸೆಪ್ಟೆಂಬರ್ 1984

ಮಾನ್ಯ ಕಾರ್ಮಿಕ ಕಲ್ಯಾಣಾಧಿಕಾರಿಗಳೇ,

ಬರೆಯುತ್ತಿರುವುದಕ್ಕೆ ಮೊದಲೇ ಕ್ಷಮೆ ಕೇಳುತ್ತೇನೆ. ಹಿಂದೊಮ್ಮೆ ನಿಮ್ಮ ಕಚೇರಿಗೆ ನಾನು ಬರೆದದ್ದರಿಂದಲೇ ಈ ಅನಾಹುತವಾಗಿದೆ. ಬಾಗಲಗುಂಟೆ ರಸ್ತೆಯ ನಿಮ್ಮ ಕಾರ್ಖಾನೆಯಲ್ಲಿ, ಡಿಸ್ಪೆನ್ಸರಿಯ ಹಿಂದಿನ ಕೋಣೆಯಲ್ಲಿ, ಕುಡಿತ ಬಿಡಲು ಹೆಣಗುತ್ತಿದ್ದ ಹನ್ನೊಂದು ಜನ ಕಾರ್ಮಿಕರು ಪ್ರತಿ ಗುರುವಾರ ಸಲಹೆಗಾರ್ತಿ ಅಲಮೇಲು ಮೇಡಂ ಜೊತೆ ಕೂಡುತ್ತಿದ್ದರು. ಆ ಕೋಣೆಗೆ ಆಗಸ್ಟ್ ಮೊದಲ ವಾರ ನೀವು ಬೀಗ ಹಾಕಿಸಿದಿರಿ. ಅವರಲ್ಲೊಬ್ಬರು ತಗಡು ಒತ್ತುವ ಪವರ್ ಪ್ರೆಸ್ ನಡೆಸುವ ಪಂಚಪ್ಪ. ನಾನು ಅವರ ಮಗ. ಐದನೇ ಕ್ಲಾಸಿನಿಂದ ಹಾಸ್ಟೆಲಿನಲ್ಲೇ ಬೆಳೆದು, ಈಗ ಬಿ.ಎಸ್ಸಿ. ಮೊದಲ ವರ್ಷಕ್ಕೆ ಸೇರಿದ್ದೇನೆ. ನನ್ನ ಕನ್ನಡದಲ್ಲಿ ತಪ್ಪಿದ್ದರೆ ಮನ್ನಿಸಿ. ತಪ್ಪು ಮಾಡಿದ್ದು ಇಂಗ್ಲಿಷಿನಲ್ಲಿ.

ಜೂನ್‌ನಲ್ಲಿ ನಿಮ್ಮ ಕಚೇರಿ ಹನ್ನೊಂದು ಮನೆಗಳಿಗೂ ಒಂದೊಂದು ಇಂಗ್ಲಿಷ್ ಫಾರ್ಮು ಕಳಿಸಿತು. ಇದ್ದದ್ದು ಒಂದೇ ಪ್ರಶ್ನೆ: ನೌಕರರು ಸಂಪೂರ್ಣ ಗುಣಮುಖರಾಗಿದ್ದಾರೆಯೇ, ಹೌದೋ ಇಲ್ಲವೋ? ಕ್ವಾರ್ಟರ್ಸಿನ ನಮ್ಮ ಸಾಲಿನಲ್ಲಿ ಇಂಗ್ಲಿಷ್ ಬಲ್ಲವನು, ರಜೆಗೆ ಬಂದಿದ್ದ ನಾನೊಬ್ಬನೇ. ಎಲ್ಲರೂ ನಮ್ಮ ಜಗಲಿಗೆ ಬಂದರು. ಅಪ್ಪನ ಜೊತೆಗಾರ ನೂರುಲ್ಲಾ ಚಾಚಾರ ಹೆಂಡತಿ ಕುಬ್ರಾ ಚಾಚಿ ಹೇಳಿದರು, "ಪೂರಾ ವಾಸಿ ಆಗೈತೆ ಅಂತ ಬರೀ ಬೇಟಾ. ದೊಡ್ಡ ಸಾಹೇಬ್ರು ಕೇಳೋದೇ ಖುಷಿ ಪಡೋಕೆ."

"ಹಾಗೆಲ್ಲ ಬರೆಯೋಕೆ ಬರಲ್ಲ ಚಾಚಿ. ಇದು ಅಫಿಷಿಯಲ್ ಫಾರ್ಮು. ಇವತ್ತಿನವರೆಗೆ ಕುಡಿದಿಲ್ಲ ಅಂತಷ್ಟೇ ಹೇಳಬಹುದು, ಮೇಡಂ ಅವರೇ ಹೇಳಿಲ್ವಾ?"

ನಮ್ಮವ್ವ ನಕ್ಕಳು. "ನಮ್ಮ ಹಾಸ್ಟೆಲ್ ಸಾಹೇಬಗ ಸುಳ್ಳು ಬರಿಯಾಕ ಬರೂದಿಲ್ಲವಾ ಕುಬ್ರಾ. ಅದನ್ನಷ್ಟು ಕಲಿಸಿಲ್ಲ ಅವರು."

ಹನ್ನೊಂದರಲ್ಲೂ 'ಇಲ್ಲ' ಎಂದು ಚೆಂದದ ಅಕ್ಷರದಲ್ಲಿ ಬರೆದೆ. ಆಗಸ್ಟಿನಲ್ಲಿ ನಿಮ್ಮ ಸುತ್ತೋಲೆ ಬಂತು: ಹದಿನಾಲ್ಕು ತಿಂಗಳಲ್ಲಿ ಸಂಪೂರ್ಣ ಗುಣಮುಖರಾದವರು ಸೊನ್ನೆ, ಕುಟುಂಬಗಳೇ ಲಿಖಿತವಾಗಿ ದೃಢಪಡಿಸಿವೆ, ಆದ್ದರಿಂದ ಸಲಹಾ ಕೇಂದ್ರ ನಿರುಪಯುಕ್ತ. ನಿಮ್ಮ ತರ್ಕಶಕ್ತಿಗೆ ನಮಸ್ಕಾರ. ಅದೇ ಡಿಸ್ಪೆನ್ಸರಿಯ ಮುಂಬಾಗಿಲಲ್ಲಿ ಸಕ್ಕರೆ ಕಾಯಿಲೆಯವರು ಹತ್ತು ವರ್ಷದಿಂದ ಮಾತ್ರೆಗೆ ಕ್ಯೂ ನಿಲ್ಲುತ್ತಾರೆ. ಅವರಲ್ಲಿ ಎಷ್ಟು ಜನ ಸಂಪೂರ್ಣ ಗುಣಮುಖರು? ಮುಂಬಾಗಿಲನ್ನೂ ಮುಚ್ಚಿಸಬಾರದೇಕೆ? ತಾವು ಕನ್ನಡಕ ಹಾಕುತ್ತೀರಿ, ನೋಡಿದ್ದೇನೆ. ಇಷ್ಟು ವರ್ಷ ಹಾಕಿಯೂ ಕಣ್ಣು ವಾಸಿಯಾಗಲಿಲ್ಲವೆಂದು ಅದನ್ನು ಬಿಸಾಡಿದ್ದೀರಾ?

ಆ ಕೋಣೆಯಲ್ಲಿ ಏನಾಗುತ್ತಿತ್ತೆಂದು ತಾವು ಒಮ್ಮೆಯೂ ಬಂದು ನೋಡಲಿಲ್ಲ, ಹಾಗಾಗಿ ಹೇಳುತ್ತೇನೆ. ಅಲಮೇಲು ಮೇಡಂ ಕುಡಿಯಬೇಡಿ ಎಂದು ಯಾರಿಗೂ ಹೇಳುತ್ತಿರಲಿಲ್ಲ. ಅದನ್ನು ಹೇಳುವುದಕ್ಕೆ ಅವ್ವ ಇದ್ದಳು, ಅಜ್ಜಿ ಇದ್ದಳು, ಫೋರ್ಮನ್ ಇದ್ದರು. ಮೇಡಂ ಕೇಳಿದ್ದು ಬೇರೆ: "ಪಂಚಪ್ಪನೋರೇ, ಅಂಗಡಿಗೆ ಹೋಗೋಕೆ ಒಂದು ಗಂಟೆ ಮುಂಚೆ ನಿಮಗೆ ಏನಾಗ್ತಿರುತ್ತೆ?" ಅಪ್ಪ ನಾಲ್ಕು ಗುರುವಾರ ಸುಮ್ಮನೆ ಕೂತು ಎದ್ದು ಬಂದರು. ಐದನೆಯದಕ್ಕೆ ಬಾಯಿಬಿಟ್ಟರು. "ಪ್ರೆಸ್ ನಿಂತರೂ ಕಿವ್ಯಾಗ ಬಡೀತಿರ್ತೈತ್ರಿ. ಕುಡದ್ರ ಅಷ್ಟ ನಿಲ್ತೈತಿ." ಹದಿನೇಳು ವರ್ಷ ಜೊತೆಗಿದ್ದ ಅವ್ವನಿಗೇ ಅದು ಗೊತ್ತಿರಲಿಲ್ಲ. ಮೇಡಂ ಅಪ್ಪನನ್ನು ಕಿವಿಯ ಡಾಕ್ಟರ ಹತ್ತಿರ ಕಳಿಸಿದರು. ಶಿಫ್ಟು ಬಿಟ್ಟ ಮೇಲೆ ಒಬ್ಬರೇ ಬರಬಾರದೆಂದು ನೂರುಲ್ಲಾ ಚಾಚಾರನ್ನು ಜೊತೆ ಮಾಡಿದರು. ಅವ್ವನನ್ನೂ ಕರೆಸಿ ಕೂರಿಸಿಕೊಂಡು, ಹಂಗಿಸುವ ಬದಲು ಏನು ಮಾತಾಡಬಹುದೆಂದು ತೋರಿಸಿದರು. ನಡುವೆ ಒಮ್ಮೆ ಅಪ್ಪ ಕುಡಿದರು. ಮರುದಿನ ತಾವಾಗಿಯೇ ಹೋಗಿ, "ಬಿದ್ದೆ ಮೇಡಂ" ಎಂದರಂತೆ. "ಬಿದ್ದೋರು ಎದ್ದು ಇಲ್ಲೀತನಕ ನಡ್ಕೊಂಡು ಬಂದ್ರಲ್ಲ, ಕೂತ್ಕೊಳ್ಳಿ" ಎಂದು ಕಾಫಿ ತರಿಸಿದರಂತೆ. ಆಮೇಲೆ ಈ ಒಂಬತ್ತು ತಿಂಗಳು ಒಂದು ಹನಿ ಮುಟ್ಟಿಲ್ಲ. ಇದನ್ನು ಬರೆಯಲು ನಿಮ್ಮ ಫಾರ್ಮಿನಲ್ಲಿ ಜಾಗವೇ ಇರಲಿಲ್ಲ.

ಈಗ ಆ ಕೋಣೆಯಲ್ಲಿ ಹಳೇ ರಿಜಿಸ್ಟರುಗಳ ಮೂಟೆಗಳಿವೆ. ಬೀಗ ಬಿದ್ದ ಮೂರನೇ ಗುರುವಾರ ನೂರುಲ್ಲಾ ಚಾಚಾ ಆ ಬಾಗಿಲ ಮುಂದೆ ಅರ್ಧ ಗಂಟೆ ಕೂತಿದ್ದು ಎದ್ದು ಹೋದರು. ಮನೆಗೆ ಬಂದದ್ದು ಶನಿವಾರ. ಅಂದಿನಿಂದ ಅಪ್ಪ ಒಬ್ಬರೇ ನಡೆದು ಬರುತ್ತಾರೆ. ನೀರಿನ ನಲ್ಲಿ ಹತ್ತಿರ ನನ್ನನ್ನು ಕಂಡ ಕುಬ್ರಾ ಚಾಚಿ, ಬಿಂದಿಗೆ ತುಂಬುವ ಮೊದಲೇ ಎತ್ತಿಕೊಂಡು ಹೋದರು.

ಅಪ್ಪ ಇನ್ನೂ ಕುಡಿದಿಲ್ಲ. ಆದರೆ ಕಳೆದ ಭಾನುವಾರ ನಾನು ಮನೆಗೆ ಹೋಗಿದ್ದಾಗ, ಮಧ್ಯಾಹ್ನ ಊಟದ ನಡುವೆ ಕೈ ನಿಲ್ಲಿಸಿ ಕೇಳಿದರು, "ಪ್ರೆಸ್ ಓಡಾಕತ್ತೈತೇನು?" ಭಾನುವಾರ ಕಾರ್ಖಾನೆಗೆ ರಜೆ. ಅವ್ವ ನನ್ನ ಮುಖ ನೋಡಿದಳು. ನಾನು ತಟ್ಟೆ ನೋಡಿದೆ. ಸೋಮವಾರ ಬೆಳಿಗ್ಗೆ ಅದೇ ಮನುಷ್ಯ ಪ್ರೆಸ್ಸಿನ ಬಾಯೊಳಗೆ ತಗಡು ಇಡಲು ಹೋದರು. ಸುತ್ತೋಲೆಗೆ ಸಹಿ ಹಾಕುವಾಗ ಆ ಕೈಗಳ ಯೋಚನೆ ತಮಗೆ ಬಂದಿತ್ತೇ?

ಇನ್ನು ಎರಡು ವಾರಕ್ಕೆ ಆಯುಧಪೂಜೆ. ಯಂತ್ರಗಳನ್ನು ತೊಳೆದು, ಕುಂಕುಮ ಹಚ್ಚಿ, ಬೂದುಗುಂಬಳ ಒಡೆದ ಮೇಲೆ ಹಿಂದಿನ ಶೆಡ್ಡಿನಲ್ಲಿ ಏನು ನಡೆಯುತ್ತದೆಂದು ತಮಗೂ ಗೊತ್ತು, ಸೆಕ್ಯುರಿಟಿಯವರಿಗೂ ಗೊತ್ತು. ಹೋದ ವರ್ಷ ಮೇಡಂ ರಜೆಯ ದಿನವೇ ಕೋಣೆ ತೆರೆದು, ಹನ್ನೊಂದು ಜನರನ್ನೂ ಕತ್ತಲಾಗುವವರೆಗೆ ಚೌಕಾಬಾರ ಆಡಿಸುತ್ತಾ ಕೂರಿಸಿಕೊಂಡಿದ್ದರು. ಹೆಂಗಸರು ಚಿತ್ರಾನ್ನ ಕಟ್ಟಿಕೊಂಡು ಹೋಗಿದ್ದರು. ಈ ವರ್ಷವೂ ಪೂಜೆಯ ಮಧ್ಯಾಹ್ನದಿಂದ ಎರಡು ದಿನ ಪ್ರೆಸ್ಸುಗಳೆಲ್ಲ ನಿಂತಿರುತ್ತವೆ. ಅಪ್ಪನ ಕಿವಿಯಲ್ಲಿ ಮಾತ್ರ ನಿಂತಿರುವುದಿಲ್ಲ. ಹೋಗಿ ಕೂರಲು ಜಾಗವೂ ಇರುವುದಿಲ್ಲ.

ಆದ್ದರಿಂದ ಕೇಳುತ್ತಿದ್ದೇನೆ: ಆಯುಧಪೂಜೆಗೆ ಮುಂಚೆ ಆ ಮೂಟೆಗಳನ್ನು ಬೇರೆಡೆ ಸಾಗಿಸಿ, ಅಲಮೇಲು ಮೇಡಂ ಅವರನ್ನು ಮರಳಿ ಕರೆಸಿ. ತಪ್ಪು ಉತ್ತರ ಬರೆದವನು ಬೇಕಿದ್ದರೆ, ನಿಮ್ಮ ಮುಂದೆ ಬಂದು ನಿಲ್ಲುತ್ತೇನೆ. ಕಾಗದ ಸೂಕ್ತ ಮಾರ್ಗದಲ್ಲಿ ಬಂದಿಲ್ಲವೆಂದು ಹಿಂದಿರುಗಿಸಬೇಡಿ. ಅಷ್ಟು ದಿನ ಉಳಿದಿಲ್ಲ. ದಯವಿಟ್ಟು ಬೇಗ ಉತ್ತರ ಬರೆಯಿರಿ.

ಇಂತಿ,
ಟಪಾಲಿನವನನ್ನು ಕಂಡರೆ ಎದೆ ಹೊಡೆದುಕೊಳ್ಳುವ,
ವೀರಬಸಪ್ಪ ಪಂಚಪ್ಪ