ಕೋಲಿಗೆ ಕಟ್ಟಿದ ಕೆಂಪು ನೂಲು

ರಬಕವಿ, ೨೧೯೩ನೆಯ ಇಸವಿ, ಹದಿಮೂರನೆಯ ತಿಂಗಳು, ನಾಲ್ಕನೆಯ ದಿನ

ರಾಸಾಯನಿಕ ಎಂಜಿನಿಯರಿಂಗ್ ಓದುತ್ತಿರುವ ಹಳೆಯ ಶತಮಾನದ ಗೆಳತಿಗೆ,

ನನ್ನ ತಿಂಗಳ ಎಣಿಕೆಯೂ ಕೆಲವು ಮಾತುಗಳೂ ವಿಚಿತ್ರವೆನಿಸಿದರೆ ಕ್ಷಮಿಸು. ನಿಮ್ಮ ಕಾಲದ ಬಗ್ಗೆ ನಾನು ತಿಳಿದದ್ದೆಲ್ಲ ಹಳೆಯ ಕರಪತ್ರಗಳಿಂದ. ಪದವಿಯೊಂದಿದ್ದರೆ ನಿಮ್ಮಲ್ಲಿ ಕಾರ್ಖಾನೆಯ ಬಾಗಿಲು ತೆರೆಯುತ್ತಿತ್ತಂತೆ. ಅದನ್ನು ಓದಿದ ದಿನ ಹೊಟ್ಟೆಕಿಚ್ಚಿಗೆ ನನಗೆ ಊಟ ಸೇರಲಿಲ್ಲ.

ಇಲ್ಲಿ ನಾಲ್ಕು ವರ್ಷ ಓದಿ ಮೊದಲ ಪರೀಕ್ಷೆ ಗೆಲ್ಲಬೇಕು. ಮತ್ತೆ ನಾಲ್ಕು ವರ್ಷ ಪರವಾನಗಿ ಇರುವ ಹಿರಿಯರ ಕೈಕೆಳಗೆ ದುಡಿದು ಎರಡನೆಯದಕ್ಕೆ ಕೂರಬೇಕು. ಕೊನೆಯದು ನೆರೆಸಹಿ. ಅಂದರೆ, ಕಾರ್ಖಾನೆಯ ಗೋಡೆಗೆ ಅತಿ ಹತ್ತಿರ ವಾಸಿಸುವವರು ನಮ್ಮನ್ನು ಪ್ರಶ್ನಿಸಿ, ಒಪ್ಪಿದರೆ ಪರವಾನಗಿಗೆ ಸಹಿ ಹಾಕುತ್ತಾರೆ. ಅವಕಾಶ ಮೂರೇ. ಮೂರೂ ತಪ್ಪಿದರೆ ಎಂಟು ವರ್ಷದ ಶ್ರಮ ಮಣ್ಣುಪಾಲು.

ನನ್ನ ಪಾಲಿಗೆ ಬಂದವರು ನೇಯ್ಗೆಯ ಫಕೀರವ್ವ. ನಾನು ನಕ್ಷೆ ಬರೆದ, ನೂಲು ಬಿಳುಪು ಮಾಡುವ ಘಟಕ ಅವರ ಹಿತ್ತಲಿಗೇ ಅಂಟಿಕೊಂಡು ಏಳುತ್ತಿದೆ. "ಟಾಕಿ ಒಡದ್ರ ಯಾ ಕಡೆ ಓಡ್ಲೆವ್ವಾ?" ಎಂದರು. ಕ್ಲೋರಿನ್ ತುಂಬಿದ ಆ ಟ್ಯಾಂಕು ಒಡೆಯುವುದೇ ಇಲ್ಲವೆಂದು ಅರ್ಧ ಗಂಟೆ ಭಾಷಣ ಮಾಡಿದೆ. "ಭಾಳ ಚಂದ ಹೇಳ್ದಿ. ಓಡೂದು ಯಾ ಕಡೆ?" ಎಂದು ಸಹಿ ಹಾಕದೆ ಲೇಖನಿ ಹಿಂದಿರುಗಿಸಿದರು. ಎರಡನೆಯ ಸಲ ನಕ್ಷೆ ಬಿಚ್ಚಿ, ಹೊಳೆಯ ಕಡೆ ಎಂದೆ. "ಸಂಜಿ ಗಾಳಿ ಎತ್ತಾಗ ಬೀಸ್ತೈತಿ, ನೋಡೀಯೇನ?" ನೋಡಿರಲಿಲ್ಲ. ಎರಡನೆಯ ಅವಕಾಶವೂ ಹೋಯಿತು.

ಸಿಟ್ಟು ಬಂತು. ಅವರದೇ ತಪ್ಪೆಂದು ತೋರಿಸುವ ಹಟಕ್ಕೆ ಅವರ ಹಿತ್ತಲಲ್ಲಿ ಕೋಲು ನೆಟ್ಟು, ತುದಿಗೆ ಕೆಂಪು ನೂಲು ಕಟ್ಟಿ, ಒಂದು ವರ್ಷ ದಿನವೂ ಗಾಳಿಯ ದಿಕ್ಕು ಬರೆದೆ. ಸಂಜೆಯಾದೊಡನೆ ನೂಲು ಹೊಳೆಯತ್ತಲೇ ಚಾಚುತ್ತಿತ್ತು. ಕ್ಲೋರಿನ್ ಗಾಳಿಗಿಂತ ಭಾರ, ತಗ್ಗಿಗೆ ಇಳಿಯುತ್ತದೆ. ಅದು ಮೊದಲ ವರ್ಷದ ಪಾಠ. ಇಡೀ ಓಣಿಯನ್ನು ವಿಷದ ಜೊತೆಜೊತೆಗೇ ಓಡಿಸುವ ದಾರಿಯನ್ನು ನಾನು ಬರೆದಿದ್ದೆ!

ನಿನ್ನೆ ಮೂರನೆಯ ಸಲ ಹೋದೆ. ನನ್ನ ನಕ್ಷೆ ತಪ್ಪು, ಗುಡ್ಡದ ಕಡೆ ಓಡಬೇಕು, ಅಲ್ಲಿಗೆ ದಾರಿಯಿಲ್ಲ, ದಾರಿಯಾಗುವ ತನಕ ಘಟಕ ತೆರೆಯಬಾರದು ಎಂದೆ.

"ಗೊತ್ತಿಲ್ಲ, ನೋಡಿ ಬರ್ತೀನಿ ಅಂತ ಮೊದ್ಲ ಅಂದಿದ್ರ ಒಂದು ವರ್ಷ ಉಳೀತಿತ್ತಲ್ಲ, ಹುಚ್ಚಿ," ಎಂದು ಸಹಿ ಹಾಕಿದರು. ಆಮೇಲೆ ಕೋಲಿನತ್ತ ಕೈ ತೋರಿಸಿ, "ನೂಲು ಬಣ್ಣಗೆಟ್ಟೈತಿ. ವರ್ಷಾ ವರ್ಷಾ ಬಂದು ಬದ್ಲಿ ಮಾಡು. ತಪ್ಸಿದ್ರ ಸಹಿ ಹೊಡದ್ಹಾಕ್ತೀನಿ."

ಗೆಳತಿ, ನಿಮ್ಮಲ್ಲಿ ಈ ನಿಯಮವಿಲ್ಲ. ಅದಕ್ಕಾಗಿ ಕಾಯಬೇಡ. ನಿನ್ನ ಮೊದಲ ಕಾರ್ಖಾನೆಯ ಹಿಂದಿನ ಮನೆಯ ಬಾಗಿಲು ತಟ್ಟು. ಒಂದು ಗೇಣು ನೂಲು ಜೊತೆಗಿರಲಿ. ನಮ್ಮ ಕಾನೂನು ಹುಟ್ಟುವ ಮುಂಚೆ ಯಾರೋ ಒಬ್ಬರು ಹಾಗೆ ತಟ್ಟಿರಬೇಕು. ಆ ಹೆಸರು ನನಗೆ ಯಾವ ಕರಪತ್ರದಲ್ಲೂ ಸಿಗಲಿಲ್ಲ. ಅದು ನಿನ್ನದಾಗಿರಲಿ.

ನೀಲಗಂಗಾ