ಕಾಲೆತ್ತಿದರೆ ನಿಲ್ಲುತ್ತದೆ

ಮಾರ್ಚ್ 3, ಸೋಮವಾರ

ಮತ್ತೆ ರಿವರ್ಸ್. ದುಡ್ಡು ಕೊಟ್ಟು ಹಿಂದಕ್ಕೆ ಹೋಗುವುದನ್ನು ಕಲಿಯುತ್ತಿದ್ದೇನೆ. ಎರಡು ಖಾಲಿ ಡ್ರಮ್ಮಿನ ನಡುವೆ ಲಾರಿ ನಿಲ್ಲಿಸಬೇಕು. ನಾನು ಡ್ರಮ್ಮಿಗೇ ಒರಗಿಸಿ ನಿಲ್ಲಿಸಿದೆ.

ಹಾಲಿನ ವ್ಯಾನ್ ಓಡಿಸುವವನೂ ನಮ್ಮ ಬ್ಯಾಚು. ಅವನದು ಮೊದಲ ಸಲಕ್ಕೇ ನೆಟ್ಟಗೆ ಬಂತು. ಇಳಿದು ಬಂದವನೇ, “ಟೈಲರಣ್ಣ, ಇಷ್ಟು ಟೈಟ್ ಫಿಟ್ಟಿಂಗ್ ಬೇಡ, ಸ್ವಲ್ಪ ಸಡಿಲ ಬಿಡಿ” ಅಂದ. ಮೈ ಉರಿಯಿತು. ನಗುವೂ ಬಂತು.

ಬೆಳಗ್ಗೆ ಲಾರಿ ಸ್ಕೂಲು, ಮಧ್ಯಾಹ್ನದಿಂದ ಮನೆಯಲ್ಲಿ ಹೊಲಿಗೆ. ಮಗಳ ಸ್ಕರ್ಟು, ಸಣ್ಣಪುಟ್ಟ ಹೊಲಿಗೆ ಹೆಂಡತಿಯೂ ಮಾಡುತ್ತಾಳೆ. ಮೊದಲು ಅಂಗಡಿಯಲ್ಲೇ ದಿನವಿಡೀ ಕೂರುತ್ತಿದ್ದೆ. ಈಗ ಎಲ್ಲರಿಗೂ ರೆಡಿಮೇಡೇ ಬೇಕು. ಅಂಗಡಿ ಯಜಮಾನರು ಕೊಟ್ಟ ದಿನ ಬಟ್ಟೆ ಮನೆಗೆ ತರುತ್ತೇನೆ, ಕೊಡದ ದಿನ ಕೈಕಟ್ಟಿ ಕೂರುತ್ತೇನೆ. ನಾಲ್ಕು ಹೊಟ್ಟೆ... ನಾನು, ಹೆಂಡತಿ, ಮಗಳು, ಅಪ್ಪ. ಲೈಸೆನ್ಸ್ ಕೈಗೆ ಬಂದರೆ ತಾವು ಕೆಲಸ ಮಾಡುವ ಗೋಡೌನಿನಲ್ಲೇ ಡ್ರೈವರ್ ಕೆಲಸ ಕೊಡಿಸುತ್ತೇನೆ ಅಂದಿದ್ದಾರೆ ಭಾವ. ತಿಂಗಳ ಸಂಬಳ. ಆ ಎರಡು ಮಾತು ಕೇಳಿಯೇ ಸೇರಿದ್ದು.

ಊಟಕ್ಕೆ ಕೂತಾಗ ಅಪ್ಪನ ದಿನದ ಪ್ರಶ್ನೆ: “ಇವತ್ತು ಯಾವುದಕ್ಕೆ ಗುದ್ದಿದ್ಯೋ?”

ಮಾರ್ಚ್ 6, ಗುರುವಾರ

ಪರವಾಗಿಲ್ಲ. ಗೇರ್ ಕಿರುಚಲಿಲ್ಲ. ಮೇಷ್ಟ್ರು ಪಕ್ಕದಲ್ಲಿ ಕೂತಿದ್ದರೆ ಧೈರ್ಯ. ಅವರ ಕಾಲ ಬಳಿಯೂ ಒಂದು ಬ್ರೇಕ್ ಇದೆ. ನಾನು ಎಡವಿದರೆ ಅವರು ಒತ್ತುತ್ತಾರೆ. ಸೋಮವಾರದಿಂದ ಇಳಿದು ನಿಲ್ಲುತ್ತಾರಂತೆ. “ನನ್ನ ಕಾಲು ನಂಬ್ಕೊಂಡು ಎಷ್ಟು ದಿನ ಓಡಿಸ್ತೀರಿ?” ಅಂದರು.

ಹೆಂಡತಿಗೆ ಹೇಳಿದೆ. “ಒಳ್ಳೇದೇ ಆಯ್ತಲ್ಲ” ಅಂದಳು. ಅವಳಿಗೇನು.

ಮಾರ್ಚ್ 10, ಸೋಮವಾರ, ಸಂಜೆ

 

ಲಾರಿಯಲ್ಲಿ ನಾನೊಬ್ಬನೇ. ಮೇಷ್ಟ್ರು ಬಾಗಿಲ ಪಕ್ಕ ನೆಲದ ಮೇಲೆ. ಹಾಲಿನವನು ಹಿಂದೆ ನಿಂತು ಕೈ ತೋರಿಸುತ್ತಿದ್ದ—ಬರಲಿ, ಬರಲಿ... ಕನ್ನಡಿಯಲ್ಲಿ ಡ್ರಮ್ ಕಾಣಿಸಿತು, ಅವನು ಕಾಣಲಿಲ್ಲ. ಮೇಷ್ಟ್ರು “ನಿಲ್ಸಿ!” ಅಂತ ಕೂಗಿದರು.

ನಿಲ್ಲಿಸಿದೆ. ಅಂದರೆ, ನಿಲ್ಲಿಸಿದೆ ಅಂದುಕೊಂಡೆ. ಎರಡೂ ಕಾಲು ಮೇಲೆತ್ತಿಬಿಟ್ಟಿದ್ದೆ. ಕ್ಲಚ್ ಬಿಟ್ಟ ಲಾರಿ ಸುಮ್ಮನಿರುತ್ತದೆಯೇ? ಸೀದಾ ಹಿಂದಕ್ಕೆ ಹೋಗಿ ಡ್ರಮ್ಮನ್ನು ಗೋಡೆಗೆ ಒತ್ತಿ ಅಪ್ಪಚ್ಚಿ ಮಾಡಿ, ತಾನಾಗಿಯೇ ಆಫ್ ಆಯಿತು. ಹಾಲಿನವನು ಪಕ್ಕಕ್ಕೆ ಹಾರಿದ್ದ. ಅವನ ಒಂದು ಚಪ್ಪಲಿ ಚಕ್ರದಡಿ.

ಅವನು ಬೈಯಲಿಲ್ಲ. ಒಂಟಿ ಚಪ್ಪಲಿಯಲ್ಲಿ ನಿಂತು, “ಅಣ್ಣ, ಇದೂ ಹೊಲ್ದುಕೊಡ್ತೀರಾ?” ಅಂದ. ಬೈದಿದ್ದರೆ ಚೆನ್ನಾಗಿತ್ತು.

ಅಪ್ಪ ದಿನದ ಪ್ರಶ್ನೆ ಕೇಳಿದರು. “ಏನಕ್ಕೂ ಇಲ್ಲ” ಅಂದೆ.

ಮಾರ್ಚ್ 16, ಭಾನುವಾರ

ಈ ವಾರ ಸ್ಕೂಲಿಗೆ ಹೋಗಲಿಲ್ಲ. ಬೆಳಗ್ಗೆ ಹೊರಟು, ಬಸ್ ನಿಲ್ದಾಣದ ಬೆಂಚಿನಲ್ಲಿ ಕೂತು ಬರುತ್ತಿದ್ದೆ. ಈ ವಯಸ್ಸಿನಲ್ಲಿ ಕ್ಲಾಸಿಗೆ ಚಕ್ಕರ್!

ಹೆಂಡತಿಗೆ ಮೊದಲ ದಿನವೇ ಗೊತ್ತಾಗಿತ್ತಂತೆ. “ಅಂಗೀಲಿ ಡೀಸೆಲ್ ವಾಸ್ನೆ ಇಲ್ಲ. ಒಗೆಯೋಳು ನಾನಲ್ವಾ?” ಅಂದಳು. ಎಲ್ಲ ಹೇಳಿದೆ. “ಅವನಿಗೆ ಏನೂ ಆಗಿಲ್ಲ ತಾನೆ?” ಅಂತ ಕೇಳಿದಳು. ಇಲ್ಲ ಅಂದೆ. “ಬಿಡೋದಾದ್ರೆ ಬಿಡಿ. ಆದ್ರೆ ಹೋಗಿ ಹೇಳಿ ಬಿಡಿ. ಬೆಂಚಿನ ಮೇಲೆ ಕೂತು ಬಿಡಬೇಡಿ.”

ಮಾರ್ಚ್ 17, ಸೋಮವಾರ

ಬಿಡುತ್ತೇನೆ ಅಂತ ಹೇಳಲೆಂದೇ ಹೋದೆ. ಮೇಷ್ಟ್ರು ಟೀ ಕುಡಿಯುತ್ತಿದ್ದರು. ನನ್ನ ಮಾತು ಮುಗಿಯುವ ಮೊದಲೇ ಕೇಳಿದರು:

“ನಿಮ್ಮ ಹೊಲಿಗೆ ಮಷಿನ್ನು ಮೋಟಾರಿಂದಾ?”

“ಹೌದು ಸಾರ್.”

“ನಿಲ್ಸೋದು ಹೇಗೆ?”

“ಕಾಲು ಎತ್ತಿದ್ರೆ ನಿಲ್ಲುತ್ತೆ.”

ಹೇಳಿದ ಮೇಲೆ ನನಗೇ ಹೊಳೆಯಿತು. ಚಿಕ್ಕ ವಯಸ್ಸಿನಿಂದ ಗಾಬರಿಯಾದಾಗಲೆಲ್ಲ—ದಾರ ತುಂಡಾದರೆ, ಬಟ್ಟೆ ಮಡಚಿಕೊಂಡರೆ, ಬೆರಳು ಸೂಜಿಯ ಹತ್ತಿರ ಹೋದರೆ—ಕಾಲು ಮೇಲೆ. ತಲೆಯನ್ನು ಕೇಳುವುದೇ ಇಲ್ಲ ಅದು.

“ಇಲ್ಲಿ ಗಾಬರಿ ಆದ್ರೆ ಒತ್ತಬೇಕು, ಅಲ್ಲಿ ಗಾಬರಿ ಆದ್ರೆ ಎತ್ತಬೇಕು. ಬೆಳಗ್ಗೆ ನಾನು ಕಲಿಸಿದ್ದನ್ನ ಮಧ್ಯಾಹ್ನ ನಿಮ್ಮ ಮಷಿನ್ನು ಮರೆಸ್ತಿದೆ. ಸ್ವಲ್ಪ ದಿನ ಒಂದನ್ನ ಬಿಡಿ.”

ಒಂದನ್ನ ಬಿಡಿ! ಮಷಿನ್ ಬಿಟ್ಟರೆ ಮನೆಯಲ್ಲಿ ಒಲೆ ಉರಿಯಬೇಡವೇ? ಹಾಗೆಂದೆ. ಅವರು ಲೋಟ ತೊಳೆದಿಟ್ಟು, ಆಫ್ ಆಗಿದ್ದ ಲಾರಿಯಲ್ಲಿ ನನ್ನನ್ನು ಕೂರಿಸಿದರು. ಹಾಲಿನವನು ಕೆಳಗೆ ನಿಂತು ಮನಸ್ಸಿಗೆ ಬಂದಾಗ “ನಿಲ್ಸಿ!” ಅಂತ ಕೂಗುವುದು, ನಾನು ಎರಡೂ ಕಾಲು ಒತ್ತುವುದು. ಬೆಳಗ್ಗೆಯೆಲ್ಲ ಇದೇ. ಅವನಿಗೆ ಇದಕ್ಕಿಂತ ಸುಖದ ಕೆಲಸ ಸಿಕ್ಕಿರಲಿಕ್ಕಿಲ್ಲ.

ಮಾರ್ಚ್ 19, ಬುಧವಾರ

ಮಗಳಿಗೂ ಈ ಆಟ ಹಿಡಿಸಿದೆ. ಹಲ್ಲುಜ್ಜುವಾಗ “ನಿಲ್ಸಪ್ಪಾ!” ಊಟದ ನಡುವೆ “ನಿಲ್ಸಪ್ಪಾ!” ನಾನು ಕೂತಲ್ಲೇ ನೆಲ ಒದೆಯುತ್ತೇನೆ. ಕೆಳಗಿನ ಮನೆಯವರು ಬಂದು, ಏನು ಕುಟ್ಟುತ್ತಿದ್ದೀರಿ ಅಂತ ಕೇಳಿ ಹೋದರು. ಅಪ್ಪ, “ಡ್ರೈವಿಂಗು” ಅಂದರು.

ಯಜಮಾನರ ಫೋನ್ ಬಂತು. ಶಾಲೆಗಳ ಯೂನಿಫಾರ್ಮ್ ಆರ್ಡರ್ ಬಂದಿದೆ. ಸೋಮವಾರದಿಂದ ಅಂಗಡಿಗೇ ಬರಬೇಕು, ಬೆಳಗಿಂದ ಕತ್ತಲಾಗುವವರೆಗೆ. ಬಾರದಿದ್ದರೆ ಬೇರೆಯವರನ್ನು ಕೂರಿಸುತ್ತಾರೆ. “ಶಾಲೆ ಶುರುವಾದ ಮೇಲೂ ಕೆಲಸ ಇರುತ್ತಾ ಸಾರ್?” ಅಂದೆ. “ಆಮೇಲಿಂದು ಆಮೇಲೆ ನೋಡೋಣ” ಅಂದರು.

ಮಾರ್ಚ್ 22, ಶನಿವಾರ

ತೀರ್ಮಾನ ಮಾಡಿದೆ. ಸ್ಕೂಲು ಬಿಡುವುದು.

ನಿನ್ನೆ ಚಲಿಸುವ ಲಾರಿಯಲ್ಲಿ ಮತ್ತೆ ಒಂದು ಸಲ ಕಾಲು ಎತ್ತಿದೆ. ಪಕ್ಕದಲ್ಲಿ ಮೇಷ್ಟ್ರಿದ್ದರು, ಒತ್ತಿದರು. ನಾಳೆ ರಸ್ತೆಯಲ್ಲಿ ಯಾರು ಒತ್ತುತ್ತಾರೆ? ಚಕ್ರದಡಿ ಸಿಗುವುದು ಚಪ್ಪಲಿಯೇ ಆಗಿರಬೇಕೆಂದಿಲ್ಲ.

ಹೆಂಡತಿಗೆ ಹೇಳಿದೆ. “ಸರಿ” ಅಂದಳು. ಅಷ್ಟೇ. ಮಗಳು “ಹಾಗಾದ್ರೆ ಇನ್ನು ಕೂಗೋ ಹಾಗಿಲ್ವಾ?” ಅಂತ ಕೇಳಿದಳು. ಇಲ್ಲ ಅಂದೆ. ಬೇಜಾರಾಯಿತು, ಅವಳಿಗಿಂತ ನನಗೇ ಹೆಚ್ಚು. ಆ ಎತ್ತರದ ಸೀಟು ಇಷ್ಟವಾಗಿತ್ತು. ಹುಟ್ಟಿದ ಮೇಲೆ ತಲೆಬಗ್ಗಿಸಿಕೊಂಡು ಮಾಡದ ಕೆಲಸ ಅದೊಂದೇ.

ಮಾರ್ಚ್ 23, ಭಾನುವಾರ, ಮಧ್ಯಾಹ್ನ

ಎಡಗೈ ಬೆರಳಿಗೆ ಬ್ಯಾಂಡೇಜು. ಬಲಗೈ ಇದೆ, ಬರೆಯಲು ಅಡ್ಡಿಯಿಲ್ಲ.

ಬೆಳಗ್ಗೆ ನಿಶ್ಚಿಂತೆಯಿಂದ ಮಷಿನ್ ಮುಂದೆ ಕೂತೆ. ಬಾಕಿಯಿದ್ದ ಒಂದು ಶರ್ಟು, ಕಾಲರ್ ಕೂರಿಸುವುದಷ್ಟೇ. ಹೆಂಡತಿ ಹಿಂದಿನಿಂದ ಹಾದುಹೋಗುತ್ತಿದ್ದವಳು, “ನಿಲ್ಸ್ರೀ! ಕಾಲರ್ ಉಲ್ಟಾ ಇದೆ!” ಅಂದಳು.

ಒತ್ತಿದೆ.

ಎರಡೂ ಕಾಲು, ಇದ್ದ ಬಲವನ್ನೆಲ್ಲ ಹಾಕಿ. ಮಷಿನ್ ಹುಚ್ಚು ಹಿಡಿದಂತೆ ಓಡಿತು—ಕಾಲರ್ ದಾಟಿ, ಭುಜ ದಾಟಿ, ನನ್ನ ಉಗುರಿನ ಮೂಲಕ. ಓಡಿದಷ್ಟೂ ಇನ್ನೂ ಒತ್ತಿದೆ. ಸೂಜಿ ಮುರಿಯಿತು. ಹೆಂಡತಿಯೇ ಪ್ಲಗ್ ಕಿತ್ತಳು.

ಸಣ್ಣವನಿದ್ದಾಗಲೂ ಸೂಜಿ ಚುಚ್ಚಿಸಿಕೊಂಡವನಲ್ಲ ನಾನು. ಪ್ರಾಣ ಹೋಗುವಷ್ಟು ನೋವು. ಆದರೂ ನಗು ಬಂತು, ತಡೆಯಲಾಗಲಿಲ್ಲ. ಅವಳು ಹೆದರಿಬಿಟ್ಟಳು.

“ಏನ್ರೀ, ರಕ್ತ ಸುರೀತಿದೆ, ನಗ್ತೀರಲ್ಲ!”

“ಒತ್ತಿದೆ ಕಣೇ. ಎತ್ತಲಿಲ್ಲ, ಒತ್ತಿದೆ!”

ಮೊದಲು ಅರ್ಥವಾಗಲಿಲ್ಲ. ಆಮೇಲೆ ಅವಳೂ ನೆಲದ ಮೇಲೆ ಕೂತು ನಕ್ಕಳು. ನಗುತ್ತಲೇ ಕಣ್ಣೊರೆಸಿಕೊಂಡಳು. ಬ್ಯಾಂಡೇಜು ಕಟ್ಟುತ್ತ, “ಇನ್ನು ನಿಮ್ಮನ್ನ ಈ ಮಷಿನ್ ಹತ್ರ ಬಿಡೋ ಹಾಗಿಲ್ಲ. ಅಂಗಡೀಲಿ ನಾನು ಕೂರ್ತೀನಿ. ನನ್ನ ಕಾಲು ಇನ್ನೂ ಸರಿಯಾಗಿದೆ” ಅಂದಳು.

ಮಾರ್ಚ್ 24, ಸೋಮವಾರ, ಬೆಳಗ್ಗೆ

ಯಜಮಾನರಿಗೆ ಫೋನ್ ಮಾಡಿದೆ. ನಾನು ಬರಲ್ಲ, ಹೆಂಡತಿ ಬರ್ತಾಳೆ ಅಂದೆ.

“ಕಾಲರ್ ಹೊಲೀತಾರಾ?”

“ಇಲ್ಲ. ಸ್ಕರ್ಟ್ ಹೊಲೀತಾಳೆ. ಕಲಿತರೆ ಕಾಲರೂ ಬರುತ್ತೆ.”

“ನಿಮಗೇನಾಯ್ತು?”

“ಕಾಲು ಕೆಟ್ಟುಹೋಯ್ತು ಸಾರ್.”

ಕಳಿಸಿ, ನೋಡೋಣ ಅಂದರು. ಅವಳು ನಿಂತೇ ಟೀ ಕುಡಿದು ಹೊರಟಳು. ನನಗೆ ಬರುತ್ತಿದ್ದಷ್ಟು ದುಡ್ಡು ಅವಳಿಗೆ ಬರುವುದಿಲ್ಲ. ಟೆಸ್ಟು ಇನ್ನೂ ದೂರ. ಭಯ ಇದೆ, ಇಲ್ಲ ಅನ್ನುವುದಿಲ್ಲ.

ಬೆರಳು ಊದಿದೆ. ಗೇರ್ ಹಾಕುವುದೂ ಈ ಎಡಗೈಯಲ್ಲೇ... ಹಾಕಲು ಆಗುತ್ತದೋ ಇಲ್ಲವೋ. ಹೊರಗೆ ನನ್ನನ್ನು ಸ್ಕೂಲಿಗೆ ಕರೆದೊಯ್ಯಲು ಬಂದ ಹಾಲಿನವನ ಹಾರ್ನ್, ಬಿಟ್ಟೂಬಿಡದೆ ಹೊಡೆಯುತ್ತಿದ್ದಾನೆ. ಬಂದೆ ಮಾರಾಯ, ಬಂದೆ, ಒಂದು ಸಾಲು ಬರೆದು